ಹಲ್ವಾರಾ ಮೇಲೆ ಬಾಂಬು ಹಾಕಲು ಬಂದವರು, ಲಾಹೋರಿನಲ್ಲಿ ಪ್ರಾಂಶುಪಾಲರಾದವರು: ಸಿಸಿಲ್ ಚೌಧರಿ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳಬಹುದೇ?

ಕಟ್ಟೆಪುರಾಣ
1965ರ ಯುದ್ಧದ ಬಗ್ಗೆ ಓದುತ್ತಾ ಹೋದರೆ ನಮ್ಮವರ ಹೆಸರುಗಳ ನಡುವೆ ಒಂದು ಪಾಕಿಸ್ತಾನಿ ಹೆಸರು ಎದುರಾಗುತ್ತದೆ: ಸಿಸಿಲ್ ಚೌಧರಿ. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯಿಂದ ಹೊರಟು ಪಂಜಾಬಿನಲ್ಲಿರುವ ನಮ್ಮ ಹಲ್ವಾರಾ ವಾಯುನೆಲೆಯ ಮೇಲೆ ಎರಗಿದ ಮೂರು ಸೇಬರ್ ಜೆಟ್‌ಗಳಲ್ಲಿ ಹಿಂದಿರುಗಿದ್ದು ಒಂದೇ. ಅದರ ಪೈಲಟ್ ಇವರು. ಆಗ ವಯಸ್ಸು 24. ಆ ಯುದ್ಧಕ್ಕೆ ಸಿತಾರಾ-ಎ-ಜುರತ್ ಪದಕ ಬಂತು. 1971ರಲ್ಲೂ ಹಾರಿದರು. 1986ರಲ್ಲಿ ಗ್ರೂಪ್ ಕ್ಯಾಪ್ಟನ್ ಆಗಿದ್ದಾಗ ವಾಯುಪಡೆ ಬಿಟ್ಟರು. ಆಮೇಲೆ ಲಾಹೋರಿನಲ್ಲಿ ತಾವು ಬಾಲ್ಯದಲ್ಲಿ ಓದಿದ ಸೇಂಟ್ ಆಂಥೋನಿ ಶಾಲೆಗೇ ಪ್ರಾಂಶುಪಾಲರಾಗಿ, ಪದಕಕ್ಕಿಂತ ದೊಡ್ಡ ಹೆಸರು ಗಳಿಸಿದರು. 2012ರ ಏಪ್ರಿಲ್ 13ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು.

ನಾನು ಪ್ರೌಢಶಾಲಾ ಶಿಕ್ಷಕ. ಶಿಕ್ಷಕರ ದಿನದಂದು ಎಂಟನೇ ತರಗತಿಯವರಿಗೆ ಇವರ ಬಗ್ಗೆ ಹತ್ತು ನಿಮಿಷ ಮಾತನಾಡುತ್ತೇನೆ ಎಂದೆ. ಸ್ಟಾಫ್ ರೂಮಿನಲ್ಲಿ ಅರ್ಧ ಜನ ಮುಖ ತಿರುಗಿಸಿದರು. "ಉದಾಹರಣೆಗೆ ನಿಮಗೆ ಬೇರೆ ಯಾರೂ ಸಿಗಲಿಲ್ಲವೇ?" ಎಂಬುದು ಅವರ ಪ್ರಶ್ನೆ. ನೀವೇನು ಹೇಳುತ್ತೀರಿ?

ಗಡಿಬಿಡಿ ಗುಂಡ
ನಮ್ಮ ವಿಮಾನ ಉರುಳಿಸಿದವರಿಗೆ ನಮ್ಮ ಶಾಲೆಯಲ್ಲೇ ಹಾರ ತುರಾಯಿ! ಸ್ಟಾಫ್ ರೂಮಿನವರು ಸರಿಯಾಗಿಯೇ ಹೇಳಿದ್ದಾರೆ.

ವಿಮಾನಹುಚ್ಚ
ಮೊದಲು ಆ ಸಂಜೆ ಏನಾಯಿತು ಎಂಬುದನ್ನು ಸರಿಯಾಗಿ ತಿಳಿದುಕೊಂಡು ಆಮೇಲೆ ಜಗಳವಾಡೋಣ. ತಂಡದ ನಾಯಕ ಸ್ಕ್ವಾಡ್ರನ್ ಲೀಡರ್ ಸರ್ಫರಾಜ್ ರಫೀಕಿ. ಸಿಸಿಲ್ ಅವರ ಜೊತೆಗಾರ, ಯೂನುಸ್ ಹುಸೇನ್ ಮೂರನೆಯವರು. ಹಲ್ವಾರಾ ಮೇಲೆ ನಮ್ಮ ಹಂಟರ್ ಯುದ್ಧವಿಮಾನಗಳು ಕಾವಲು ಹಾರುತ್ತಿದ್ದವು. ರಫೀಕಿ ನಮ್ಮ ಪೈಲಟ್ ಪಿಂಗಳೆ ಅವರ ಹಂಟರ್ ಅನ್ನು ಹೊಡೆದರು. ಪಿಂಗಳೆ ಹೊರಗೆ ಹಾರಿ ಬದುಕಿಕೊಂಡರು. ಅಷ್ಟರಲ್ಲಿ ರಫೀಕಿಯವರ ಬಂದೂಕುಗಳು ಕಚ್ಚಿಕೊಂಡವು. ಸೇಬರ್‌ನ ಮೂಗಿನಲ್ಲಿ ಆರು ಮೆಷಿನ್ ಗನ್‌ಗಳು, ಅವು ಸಿಡಿಯದಿದ್ದರೆ ಪೈಲಟ್ ಬರಿಗೈ. ಅಂಥ ಹೊತ್ತಿನಲ್ಲಿ ಮನೆ ಕಡೆ ತಿರುಗಿಕೊಳ್ಳುವುದು ಯಾವ ವಾಯುಪಡೆಯಲ್ಲೂ ತಪ್ಪಲ್ಲ. ರಫೀಕಿ ಮುಂದಾಳತ್ವವನ್ನು ಸಿಸಿಲ್‌ಗೆ ಒಪ್ಪಿಸಿ, ತಾವು ಅವರ ಬೆನ್ನು ಕಾಯುತ್ತಾ ಅಲ್ಲೇ ಉಳಿದರು. ನಮ್ಮ ಗಾಂಧಿಯವರ ಹಂಟರ್ ಕೂಡ ಬಿತ್ತು, ಅವರೂ ಬದುಕಿದರು. ಆಮೇಲೆ ನಮ್ಮ ರಾಥೋರ್ ಮತ್ತು ನೆಬ್ ಇಬ್ಬರೂ ಸೇರಿ ರಫೀಕಿ ಮತ್ತು ಯೂನುಸ್ ಇಬ್ಬರನ್ನೂ ಉರುಳಿಸಿದರು. ರಾಥೋರ್, ನೆಬ್ ಇಬ್ಬರಿಗೂ ವೀರಚಕ್ರ ಬಂತು.

ನಮ್ಮ ಲೆಕ್ಕದಲ್ಲಿ ಆ ಸಂಜೆ ಎರಡು ಹಂಟರ್, ಎರಡು ಸೇಬರ್. ಪಾಕಿಸ್ತಾನದ ಲೆಕ್ಕದಲ್ಲಿ ಹಂಟರ್‌ಗಳು ಹೆಚ್ಚು. ಯುದ್ಧದಲ್ಲಿ ಎರಡೂ ಕಡೆಯವರು ಬೆರಳೆಣಿಕೆ ಮರೆಯುತ್ತಾರೆ, ಇದರಲ್ಲಿ ಹೊಸದೇನಿಲ್ಲ.

ಜಾಲಹಳ್ಳಿ ಅಂಕಲ್
ಶೀರ್ಷಿಕೆಯಲ್ಲಿ 'ಬಾಂಬು ಹಾಕಲು' ಎಂದಿದೆ. ಆ ಸೇಬರ್‌ಗಳು ಬಂದದ್ದು ಬಂದೂಕಿನಿಂದ ನೆಲೆಯನ್ನು ಉಡಾಯಿಸಲು, ಬಾಂಬು ಹಾಕಲು ಅಲ್ಲ. ಮೇಷ್ಟರು ತಿದ್ದಬೇಕು.

ಗಡಿಬಿಡಿ ಗುಂಡ
ಬಂದೂಕಾದರೆ ಪರವಾಗಿಲ್ಲವೇ ಅಂಕಲ್?

ಕೊಡಗಿನ ಕಾಫಿ
ಗುಂಡ ಅವರೇ, ಸ್ವಲ್ಪ ತಾಳಿ. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಹತ್ತಿರ ಬಂದಿದ್ದರೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವೃತ್ತ ನೋಡಿರುತ್ತೀರಿ. ಹಲ್ವಾರಾ ದಾಳಿಯ ಮರುದಿನ, ಸೆಪ್ಟೆಂಬರ್ 7ರ ಬೆಳಗಿನ ಜಾವ, ನಮ್ಮ ಮಿಸ್ಟೇರ್ ವಿಮಾನಗಳು ಆದಂಪುರದಿಂದ ಹೊರಟು ಅದೇ ಸರ್ಗೋಧಾ ಮೇಲೆ ದಾಳಿ ಮಾಡಿದವು. ದೇವಯ್ಯನವರು ಆ ದಾಳಿಗೆ ಮೀಸಲು ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೋಗಬೇಕಿತ್ತು. ಹೋದರು, ಮರಳಲಿಲ್ಲ. ಏನಾಯಿತೆಂದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ 'ಕಾಣೆಯಾದವರು' ಅಷ್ಟೇ.

ಗೊತ್ತಾದದ್ದು ಹೇಗೆ? ಪಾಕಿಸ್ತಾನ ವಾಯುಪಡೆಯ ಕಡೆಯಿಂದಲೇ ಮಾಹಿತಿ ಪಡೆದು ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕ 1979ರಲ್ಲಿ ಹೊರಬಂತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ಸ್ಟಾರ್‌ಫೈಟರ್ ಒಂದನ್ನು ಏಟು ತಿಂದ ಮಿಸ್ಟೇರ್ ಒಂದು ತಿರುಗಿ ಬಿದ್ದು ಉರುಳಿಸಿತ್ತು ಎಂದು ಅದರಲ್ಲಿತ್ತು. ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಖಾನ್ ಹೊರಗೆ ಹಾರಿ ಬದುಕಿದ್ದರು. ಆ ಮಿಸ್ಟೇರ್‌ನಲ್ಲಿದ್ದವರು ದೇವಯ್ಯ ಎಂದು ನಮ್ಮವರು ಲೆಕ್ಕ ಹಾಕಿ, 1988ರಲ್ಲಿ, ಅಂದರೆ 23 ವರ್ಷ ಕಳೆದ ಮೇಲೆ, ಮಹಾವೀರ ಚಕ್ರ ಕೊಟ್ಟರು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. ಎದುರಾಳಿ ಪಾಳಯದವರು ಬಾಯಿ ಬಿಡದಿದ್ದರೆ ನಮ್ಮ ಕೊಡಗಿನ ಆ ಸಾಹಸ ಸರ್ಗೋಧಾದ ಹೊಲದಲ್ಲೇ ಮಣ್ಣಾಗುತ್ತಿತ್ತು. ಅವರು ನಮ್ಮವರ ಧೈರ್ಯವನ್ನು ಒಪ್ಪಿಕೊಂಡದ್ದು ನಮಗೆ ಸಿಹಿಯಾದರೆ, ಅವರದನ್ನು ನಾವು ಒಪ್ಪಿಕೊಳ್ಳುವುದು ಯಾಕೆ ಕಹಿ?

ತಲೆಹರಟೆ
ಗುಂಡನಿಗೆ ಈಗ ಉತ್ತರಕ್ಕೆ ಇಂಧನ ಸಾಲದು.

ಗಡಿಬಿಡಿ ಗುಂಡ
ದೇವಯ್ಯನವರ ಬಗ್ಗೆ ನನಗೆ ಎರಡು ಮಾತಿಲ್ಲ. ನನ್ನ ವಾದ ಬೇರೆ. ನಮ್ಮ ಮಕ್ಕಳಿಗೆ ಇನ್ನೂ ದೇವಯ್ಯನವರೇ ಗೊತ್ತಿಲ್ಲ, ಅವರ ಕಥೆ ಬಿಟ್ಟು ಸಿಸಿಲ್ ಕಥೆ ಮೊದಲು ಯಾಕೆ? ಮೈಸೂರಿನಲ್ಲಿ ಬೇಕಾದರೆ ಯಾರನ್ನಾದರೂ ನಿಲ್ಲಿಸಿ ಕೇಳಿ ನೋಡಿ.

ಗಣಿತದ ಟೀಚರ್
ಇದು ಸರಿಯಾದ ಪ್ರಶ್ನೆ. ಉತ್ತರವೂ ಸುಲಭ: ಎರಡನ್ನೂ ಒಟ್ಟಿಗೆ ಹೇಳಿ. 6ರ ಸಂಜೆ, 7ರ ಬೆಳಗು. ಇಬ್ಬರು ಪೈಲಟ್‌ಗಳು, ಒಂದೇ ವಾಯುನೆಲೆ. ಒಬ್ಬರು ಬದುಕಿ ಮೇಷ್ಟರಾದರು. ಇನ್ನೊಬ್ಬರು ಯುದ್ಧಕ್ಕೆ ಮುಂಚೆ ಮೇಷ್ಟರಾಗಿದ್ದವರು. ದೇವಯ್ಯನವರು ಹಾರಾಟ ಕಲಿಸುವ ಬೋಧಕರಾಗಿದ್ದರು ಎಂಬುದನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಶಿಕ್ಷಕರ ದಿನಕ್ಕೆ ಇದಕ್ಕಿಂತ ಇನ್ನೇನು ಬೇಕು?

ಕಟ್ಟೆಪುರಾಣ
ಟೀಚರ್, ನಿಮ್ಮ ಈ ಸಲಹೆಯನ್ನು ನಾನು ನಾಳೆಯೇ ಸ್ಟಾಫ್ ರೂಮಿನಲ್ಲಿ ಇಡುತ್ತೇನೆ. ನಿಮ್ಮ ಹೆಸರಲ್ಲಲ್ಲ, ನನ್ನ ಹೆಸರಲ್ಲಿ.

ದುಬೈ ವಾಸಿ
ನನ್ನ ಕಚೇರಿಯಲ್ಲಿ ಲಾಹೋರಿನವರೊಬ್ಬರಿದ್ದಾರೆ, ಸೇಂಟ್ ಆಂಥೋನಿಯ ಹಳೆಯ ವಿದ್ಯಾರ್ಥಿ. ಅವರ ಮುಂದೆ ಈ ಹೆಸರು ಎತ್ತಿದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಕ್ರಿಕೆಟ್ ಬಗ್ಗೆ ನನ್ನ ಜೊತೆ ಕೈಕೈ ಮಿಲಾಯಿಸುವಷ್ಟು ವಾದಿಸುವ ಮನುಷ್ಯ, 'ಸರ್' ಎನ್ನದೆ ಸಿಸಿಲ್ ಎಂಬ ಹೆಸರು ಹೇಳುವುದಿಲ್ಲ. ಯುದ್ಧದ ವಿಷಯ ಅವರಿಗೆ ಎರಡನೆಯದು, ಶಾಲೆಯದು ಮೊದಲು. ಈ ಚರ್ಚೆ ಓದಿದ ಮೇಲೆ ಊಟದ ಹೊತ್ತಿನಲ್ಲಿ ದೇವಯ್ಯನವರ ಕಥೆ ಹೇಳಿದೆ. ಸ್ಟಾರ್‌ಫೈಟರ್ ಎಂದರೆ ಅವರಲ್ಲಿ ಮನೆಮಾತು. ಆದರೆ ಅದನ್ನು ಉರುಳಿಸಿದವರ ಹೆಸರು ಅವರು ಕೇಳಿರಲಿಲ್ಲ. ಫೋನಿನಲ್ಲಿ ಬರೆದುಕೊಂಡರು. 'ಅಜ್ಜಮಾಡ' ಎನ್ನಲು ನಾಲಿಗೆ ಹೊರಳಲಿಲ್ಲ, ಅದು ಬೇರೆ ಮಾತು.

ಒಂದು ವಿಷಯ ಸೇರಿಸುತ್ತೇನೆ, ಇದು ಎಲ್ಲೆಡೆ ಸಿಗುವ ಮಾಹಿತಿಯೇ. ಸಿಸಿಲ್ ಅವರ ತಂದೆ ಎಫ್. ಇ. ಚೌಧರಿ ಕೂಡ ಅದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದವರು. ಆಮೇಲೆ ಪತ್ರಿಕಾ ಛಾಯಾಗ್ರಾಹಕರಾಗಿ ಲಾಹೋರಿಗೆಲ್ಲ 'ಚಾಚಾ' ಆದರು. ಹುಟ್ಟಿದ್ದು ನಮ್ಮ ಸಹಾರನ್‌ಪುರದಲ್ಲಿ, 1909ರ ಮಾರ್ಚ್ 15. ತೀರಿಕೊಂಡದ್ದು 2013ರ ಮಾರ್ಚ್ 15, ತಮ್ಮ 104ನೇ ಹುಟ್ಟುಹಬ್ಬದಂದು. ಮಗ ಹೋಗಿ ಆಗ ವರ್ಷವೂ ತುಂಬಿರಲಿಲ್ಲ.

ಧಾರವಾಡದ ಓದುಗ
ಅಂದರೆ ಮೇಷ್ಟರಿಕೆ ಮನೆತನದಲ್ಲೇ ಇತ್ತು ಎನ್ನಿ. ಪೈಲಟ್ ಆದದ್ದೇ ನಡುವಿನ ಸುತ್ತುದಾರಿ.

ವಿಮಾನಹುಚ್ಚ
ಇಪ್ಪತ್ತೈದು ವರ್ಷಕ್ಕೂ ಮೀರಿದ ಸುತ್ತುದಾರಿಯೇ? 1960ರ ಹೊತ್ತಿಗೇ ವಾಯುಪಡೆಯಲ್ಲಿದ್ದವರು 86ರಲ್ಲಿ ಬಿಟ್ಟರು.

ಬೆಂಗಳೂರು ಕ್ಯಾಥರೀನ್
ಎಲ್ಲರೂ ವಿಮಾನದ ಸುತ್ತಲೇ ಸುತ್ತುತ್ತಿದ್ದೀರಿ. ಅವರು ವಾಯುಪಡೆ ಯಾಕೆ ಬಿಟ್ಟರು ಎಂದು ಯಾರೂ ಕೇಳಲಿಲ್ಲ. ಪಾಕಿಸ್ತಾನವನ್ನು ಆಳುತ್ತಿದ್ದ ಸೇನಾ ಸರ್ವಾಧಿಕಾರಿ ಜನರಲ್ ಜಿಯಾ ಕಾಲದಲ್ಲಿ ಬಡ್ತಿ ನಿಂತುಹೋಯಿತು. ತಾನು ಕ್ರೈಸ್ತನಾದ್ದರಿಂದಲೇ ಹೀಗಾಯಿತು ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಎರಡು ಯುದ್ಧಗಳಲ್ಲಿ ಪ್ರಾಣ ಒತ್ತೆಯಿಟ್ಟವರಿಗೆ ಅವರ ದೇಶ ಕೊಟ್ಟ ಉಡುಗೊರೆ ಅದು. ಆ ವಾಯುಪಡೆಯಲ್ಲಿ ಕ್ರೈಸ್ತರು ಇವರೊಬ್ಬರೇ ಅಲ್ಲ. ಮರ್ವಿನ್ ಮಿಡಲ್‌ಕೋಟ್, ಪೀಟರ್ ಕ್ರಿಸ್ಟಿ ಇಬ್ಬರೂ 1971ರಲ್ಲಿ ಪಾಕಿಸ್ತಾನಕ್ಕಾಗಿ ಸತ್ತವರು.

ಇಂಥ ಅವಮಾನವಾದ ಮೇಲೆ ಕೈಲಾದವರು ಕೆನಡಾ ಸೇರುತ್ತಾರೆ. ಇವರು ಲಾಹೋರಿನಲ್ಲೇ ಉಳಿದು ಶಾಲೆ ನಡೆಸಿದರು. ಅದೇ ಶಾಲೆಯಲ್ಲಿ ನವಾಜ್ ಷರೀಫ್ ಓದಿದ್ದು ಎಂದರೆ ಅದು ಎಂಥ ಶಾಲೆ ಎಂದು ಊಹಿಸಿ. ಮಕ್ಕಳಲ್ಲಿ ಬಹುಪಾಲು ಮುಸ್ಲಿಮರು. ತನಗೆ ಬಾಗಿಲು ಹಾಕಿದವರ ಮಕ್ಕಳಿಗೆ ಬಾಗಿಲು ತೆರೆದು ಪಾಠ ಹೇಳುವುದಕ್ಕೆ ಹಲ್ವಾರಾಗೆ ಹಾರಿದ್ದಕ್ಕಿಂತ ದೊಡ್ಡ ಎದೆ ಬೇಕು. ನನ್ನನ್ನು ಕೇಳಿದರೆ ಕಥೆ ಶುರುವಾಗುವುದೇ 1986ರಿಂದ.

ಗಡಿಬಿಡಿ ಗುಂಡ
ಈ ಭಾಗ ನನಗೆ ಗೊತ್ತಿರಲಿಲ್ಲ. ಮುಂದೆ ಹೇಳಿ.

ಬೆಂಗಳೂರು ಕ್ಯಾಥರೀನ್
ಶಾಲೆಯ ಜೊತೆಗೇ ಇನ್ನೊಂದು ಕೆಲಸ ಮಾಡಿದರು. ಜಿಯಾ ಕಾಲದಲ್ಲಿ, 1985ರ ಹೊತ್ತಿಗೆ, ಅಲ್ಲಿ ಪ್ರತ್ಯೇಕ ಮತದಾರ ಪಟ್ಟಿಯ ಪದ್ಧತಿ ಬಂತು. ಕ್ರೈಸ್ತರು ಕ್ರೈಸ್ತ ಅಭ್ಯರ್ಥಿಗೆ, ಹಿಂದೂಗಳು ಹಿಂದೂ ಅಭ್ಯರ್ಥಿಗೆ ಮಾತ್ರ ಮತ ಹಾಕಬೇಕು. ಕೇಳುವುದಕ್ಕೆ ಮೀಸಲಾತಿಯಂತೆ ಚೆನ್ನಾಗಿದೆ. ನಡೆದದ್ದು ಏನೆಂದರೆ, ನಿಮ್ಮ ಬೀದಿಯ ಚರಂಡಿ ಕಟ್ಟಿಕೊಂಡರೆ ಅಲ್ಲಿನ ಶಾಸಕನ ಹತ್ತಿರ ಹೋಗಿ ಕೇಳುವ ಹಕ್ಕೇ ನಿಮಗಿಲ್ಲ. ನಿಮ್ಮ ಮತ ಅವನಿಗೆ ಬೇಡ. ನಿಮ್ಮ ಪ್ರತಿನಿಧಿ ಇಡೀ ದೇಶಕ್ಕೋ ಪ್ರಾಂತ್ಯಕ್ಕೋ ಸೇರಿದವನು, ಅವನ ಮುಖ ನೀವು ನೋಡಿರುವುದಿಲ್ಲ. ಸಿಸಿಲ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2002ರಲ್ಲಿ ಆ ಪದ್ಧತಿ ಹೋಯಿತು. ಅಲ್ಪಸಂಖ್ಯಾತರ ಒಕ್ಕೂಟದಲ್ಲಿ ಶಹಬಾಜ್ ಭಟ್ಟಿಯವರ ಜೊತೆಗಿದ್ದರು. ಸಚಿವರಾಗಿದ್ದ ಭಟ್ಟಿಯವರನ್ನು 2011ರ ಮಾರ್ಚ್ 2ರಂದು ಇಸ್ಲಾಮಾಬಾದಿನಲ್ಲಿ ಗುಂಡಿಟ್ಟು ಕೊಂದರು. ಅದಾದ ಮೇಲೂ ಇವರು ಬಾಯಿ ಮುಚ್ಚಿ ಕೂರಲಿಲ್ಲ. ಸತ್ತ ಮೇಲೆ ಸರ್ಕಾರ ರಾಷ್ಟ್ರೀಯ ಗೌರವ ಕೊಟ್ಟಿತು. ಬದುಕಿದ್ದಾಗ ಬೇಕಿದ್ದದ್ದು ಅದಲ್ಲ.

ಧಾರವಾಡದ ಓದುಗ
ಪ್ರತ್ಯೇಕ ಮತದಾರ ಪಟ್ಟಿಯನ್ನು ಅಂಬೇಡ್ಕರ್ ಅವರೇ ಕೇಳಿದ್ದರಲ್ಲ? 1932ರ ಪುಣೆ ಒಪ್ಪಂದದಲ್ಲಿ ಬಿಟ್ಟುಕೊಡಬೇಕಾಯಿತು. ಹಾಗಾಗಿ ಅದು ಸದಾ ಕೆಟ್ಟದ್ದು ಎಂದು ಹೇಳಲಾಗದು.

ಬೆಂಗಳೂರು ಕ್ಯಾಥರೀನ್
ತುಳಿತಕ್ಕೆ ಒಳಗಾದವರು ತಾವಾಗಿ ಕೇಳುವುದು ಬೇರೆ, ಸೇನಾ ಸರ್ವಾಧಿಕಾರಿ ಮೇಲಿನಿಂದ ಹೇರುವುದು ಬೇರೆ. ಅಂಬೇಡ್ಕರ್ ಕೇಳಿದ್ದಕ್ಕೆ ಬ್ರಿಟಿಷರು ಕೊಟ್ಟದ್ದರಲ್ಲಿ ದಲಿತರಿಗೆ ಸಾಮಾನ್ಯ ಕ್ಷೇತ್ರದಲ್ಲೂ ಮತವಿತ್ತು, ಎರಡು ಮತ. ಜಿಯಾ ಕೊಟ್ಟದ್ದು ಒಂದು, ಅದೂ ಬೇಲಿಯೊಳಗೆ.

ಧಾರವಾಡದ ಓದುಗ
ಎರಡು ಮತದ ವಿಷಯ ಒಪ್ಪಿದೆ. ಉಳಿದದ್ದನ್ನು ಇನ್ನೊಂದು ದಿನ ಜಗಳವಾಡೋಣ.

ವಿಜಯಪುರದವನು
ಸೈನ್ಯದವರು ಪ್ರಾಂಶುಪಾಲರಾಗುವುದು ನಮಗೆ ಹೊಸದಲ್ಲ. ಇಲ್ಲಿ ಸೈನಿಕ ಶಾಲೆ 1963ರಿಂದ ಇದೆ, ಈಗ ಕೊಡಗಿನ ಕೂಡಿಗೆಯಲ್ಲೂ ಇದೆ. ಸೈನಿಕ ಶಾಲೆಗಳಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರ ಅಧಿಕಾರಿಗಳೂ ಪ್ರಾಂಶುಪಾಲರಾಗಿ ಬರುತ್ತಾರೆ. ಒಳ್ಳೆಯವರೂ ಬರುತ್ತಾರೆ. ಆದರೆ ವರ್ಗಾವಣೆಯ ಮೇಲೆ ಬಂದವರು ವರ್ಗಾವಣೆಯ ಮೇಲೆ ಹೋಗುತ್ತಾರೆ. ಹುಡುಗರ ಹೆಸರು ಬಾಯಿಗೆ ಬರುವಷ್ಟರಲ್ಲಿ ಬೀಳ್ಕೊಡುಗೆ ಸಮಾರಂಭ. ಸಿಸಿಲ್ ಅವರಂತೆ ತಾವೇ ಓದಿದ ಶಾಲೆಗೆ ಬಂದು ಕೂತರೆ ಬರುವ ಪ್ರೀತಿ ಬೇರೆ ಜಾತಿಯದು.

ಹಾಸನ ಹುಡುಗ
ನಮ್ಮ ಹಳ್ಳಿಯ ಪ್ರೌಢಶಾಲೆಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಮೇಷ್ಟರೊಬ್ಬರಿದ್ದರು. ಪೈಲಟ್ ಅಲ್ಲ, ನೆಲದ ಮೇಲೆ ವಿಮಾನ ರಿಪೇರಿ ಮಾಡುತ್ತಿದ್ದವರು. ವಿಮಾನ ಹೇಗೆ ಮೇಲೇಳುತ್ತದೆ ಎಂದು ನಾವು ಕೇಳಿದೆವು. ಪುಸ್ತಕ ತೆರೆಯಲಿಲ್ಲ. ನೋಟ್ ಬುಕ್ಕಿನಿಂದ ಎರಡು ಬೆರಳಗಲದ ಕಾಗದದ ಪಟ್ಟಿ ಹರಿದು, ಒಂದು ತುದಿಯನ್ನು ಕೆಳತುಟಿಗೆ ಒತ್ತಿಕೊಂಡು ಮೇಲ್ಗಡೆ ಊದಿದರು. ಜೋತುಬಿದ್ದಿದ್ದ ಪಟ್ಟಿ ಎದ್ದು ನೆಟ್ಟಗೆ ನಿಂತಿತು. "ಕೆಳಗೆ ಊದಲಿಲ್ಲ, ನೋಡಿದಿರಾ? ಮೇಲೆ ಊದಿದೆ, ಆದರೂ ಎದ್ದಿತು. ಯಾಕೆ ಎಂದು ನಾಳೆ ನೀವೇ ಹೇಳಬೇಕು" ಎಂದು ಹೊರಟೇಬಿಟ್ಟರು. ಆ ಸಂಜೆ ಇಡೀ ಊರಿನಲ್ಲಿ ಹುಡುಗರು ಕಾಗದ ಊದುತ್ತಿದ್ದರು. ನನ್ನ ಅಜ್ಜಿ ದೃಷ್ಟಿ ತೆಗೆಯಲು ಹೊರಟಿದ್ದರು.

ಜಾಲಹಳ್ಳಿ ಅಂಕಲ್
ಶಾಲೆಗಳಲ್ಲಿ ಇದಕ್ಕೆ ಹೇಳುವ ಕಾರಣ ಬರ್ನೌಲಿ ತತ್ತ್ವ, ಅಂದರೆ ಗಾಳಿ ವೇಗವಾಗಿ ಹರಿದಲ್ಲಿ ಒತ್ತಡ ಕಡಿಮೆ. ಆದರೆ ವಿಮಾನದ ರೆಕ್ಕೆಗೆ ಅಷ್ಟೇ ಸಾಲದು. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಅದರ ಪ್ರತಿಕ್ರಿಯೆಯೂ ಇದೆ. ಕಾಗದದ ಪಟ್ಟಿಯ ಪ್ರಯೋಗವನ್ನು ಅರ್ಧಸತ್ಯವಾಗಿ ಕಲಿಸುವುದು ಎಲ್ಲಾ ಶಾಲೆಗಳ ಚಟ.

ಹಾಸನ ಹುಡುಗ
ಅಂಕಲ್, ಮಾರನೆಯ ದಿನ ಅವರು ಅದನ್ನೂ ಹೇಳಿದರು. ನಾನಿನ್ನೂ ಅಲ್ಲಿಗೆ ಬಂದಿರಲಿಲ್ಲ.

ನೊಂದ ಹಳೆಯ ವಿದ್ಯಾರ್ಥಿ
ಎಲ್ಲರೂ ಹೀಗೆ ಹೊಗಳುತ್ತಿರುವಾಗ ನನ್ನದೊಂದು ಅಪಸ್ವರ. ನಮ್ಮ ಶಾಲೆಗೂ ಮಾಜಿ ಸೈನಿಕರೊಬ್ಬರು ಹೆಡ್ಮಾಸ್ಟರ್ ಆಗಿ ಬಂದಿದ್ದರು. ತಡವಾಗಿ ಬಂದವರಿಗೆ ಜಲ್ಲಿಕಲ್ಲಿನ ಮೇಲೆ ಮೊಣಕಾಲೂರುವ ಶಿಕ್ಷೆ. ಬಸ್ ತಡವಾದರೆ ಹುಡುಗ ಏನು ಮಾಡಬೇಕು? ಶಾಲೆ ಎಂದರೆ ಬ್ಯಾರಕ್ ಅಲ್ಲ. ಸಮವಸ್ತ್ರ ಹಾಕಿದ್ದವರೆಲ್ಲ ಒಳ್ಳೆಯ ಮೇಷ್ಟರಾಗುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ವಿಪರೀತ ಬೆಳೆದಿದೆ. ಖಾಸಗಿ ಶಾಲೆಗಳ ಜಾಹೀರಾತು ನೋಡಿ, 'ಸೈನಿಕ ಶಿಸ್ತು' ಎಂದು ದಪ್ಪಕ್ಷರದಲ್ಲಿ ಇರುತ್ತದೆ.

ಗಣಿತದ ಟೀಚರ್
ನಿಮ್ಮ ಮಾತಿಗೆ ನನ್ನದೂ ಒಂದು ಸಹಿ. ಶಿಸ್ತಿಗೂ ಹೆದರಿಕೆಗೂ ವ್ಯತ್ಯಾಸ ಗೊತ್ತಿಲ್ಲದವರು ಸೈನ್ಯದಿಂದ ಬಂದರೂ ಅಷ್ಟೇ, ಬಿ.ಎಡ್. ಮಾಡಿ ಬಂದರೂ ಅಷ್ಟೇ. ನನ್ನ ಸಹೋದ್ಯೋಗಿಗಳಲ್ಲಿ ಒಂದು ದಿನವೂ ಕವಾಯತು ಮಾಡದ ಸೇನಾಧಿಪತಿಗಳು ಬೇಕಾದಷ್ಟಿದ್ದಾರೆ.

ಕೊಡಗಿನ ಕಾಫಿ
ಹಲ್ವಾರಾ ಕಥೆಯಲ್ಲೇ ಇದಕ್ಕೆ ಉತ್ತರವಿದೆ ಎನಿಸುತ್ತದೆ. ನಾಯಕನ ಬಂದೂಕು ಕಚ್ಚಿಕೊಂಡಿತು, ಆತ ಕಿರಿಯನನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತ. ಅದನ್ನು 24ನೇ ವಯಸ್ಸಿನಲ್ಲಿ ಕಣ್ಣಾರೆ ನೋಡಿದವರು ಮುಂದೆ ಶಾಲೆ ನಡೆಸುವಾಗ ಹುಡುಗರನ್ನು ಜಲ್ಲಿಕಲ್ಲಿನ ಮೇಲೆ ಕೂರಿಸಲಾರರು. ಇದು ನನ್ನ ಊಹೆ, ಜಗಳಕ್ಕೆ ಬರಬೇಡಿ.

ವಿಮಾನಹುಚ್ಚ
ಊಹೆ ಚೆನ್ನಾಗಿದೆ. ರಫೀಕಿಗೆ ಹಿಲಾಲ್-ಎ-ಜುರತ್ ಪದಕ ಕೊಟ್ಟರು, ಶೋರ್‌ಕೋಟ್‌ನ ವಾಯುನೆಲೆಗೆ ಅವರ ಹೆಸರಿದೆ.

ನಮ್ಮ ಕಡೆಯೂ ಇಂಥವರಿದ್ದಾರೆ. ಡೆನ್ಜಿಲ್ ಕೀಲರ್ ಮತ್ತು ತಮ್ಮ ಟ್ರೆವರ್ ಕೀಲರ್, ಲಖನೌದ ಆಂಗ್ಲೋ-ಇಂಡಿಯನ್ ಸೋದರರು. 1965ರಲ್ಲಿ ಇಬ್ಬರೂ ನ್ಯಾಟ್ ಯುದ್ಧವಿಮಾನ ಹಾರಿಸಿ, ನಮ್ಮ ಲೆಕ್ಕದಲ್ಲಿ, ಸೇಬರ್ ಉರುಳಿಸಿ ವೀರಚಕ್ರ ಪಡೆದರು. ಡೆನ್ಜಿಲ್ ನಿವೃತ್ತಿಯಾದ ಮೇಲೆ ಬುದ್ಧಿಮಾಂದ್ಯ ಮಕ್ಕಳ ಆಟೋಟಕ್ಕಾಗಿ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಕಟ್ಟಿದರು. ಡೆನ್ಜಿಲ್, ಸಿಸಿಲ್: ಇಬ್ಬರು ಅಲ್ಪಸಂಖ್ಯಾತ ಪೈಲಟ್‌ಗಳು, ಎದುರುಬದುರು ಪಾಳಯ, ಕೊನೆಗೆ ಇಬ್ಬರೂ ಮಕ್ಕಳ ನಡುವೆ. ಗುಂಡ ಅವರೇ, ಈ ಹೆಸರನ್ನೂ ಪಟ್ಟಿಗೆ ಸೇರಿಸಿ.

ಗಡಿಬಿಡಿ ಗುಂಡ
ಸೇರಿಸಿದೆ. ನನ್ನ ವಿರೋಧ ಈಗ ಅರ್ಧಕ್ಕೆ ಇಳಿದಿದೆ. ಉಳಿದರ್ಧ ಇಷ್ಟೇ: ಎಂಟನೇ ತರಗತಿ ಹುಡುಗರ ಅಪ್ಪಂದಿರಲ್ಲಿ ಯಾರಾದರೂ ಗಡಿಯಲ್ಲಿದ್ದರೆ? ಆ ಹುಡುಗನಿಗೆ ಈ ಕಥೆ ಹೇಗೆ ಕೇಳಿಸುತ್ತದೆ?

ಸೈನಿಕನ ಮಗಳು
ನನ್ನಪ್ಪ ಭೂಸೇನೆಯಲ್ಲಿದ್ದರು. ನಾನು ಆ ತರಗತಿಯಲ್ಲಿ ಕೂತಿದ್ದರೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಅಪ್ಪ ಎದುರಾಳಿಯನ್ನು ಹೀಗಳೆದು ಮಾತನಾಡಿದ್ದನ್ನು ಮನೆಯಲ್ಲಿ ನಾವು ಕೇಳಿಯೇ ಇಲ್ಲ. ಹಾಗೆ ಮಾತನಾಡುತ್ತಿದ್ದವರು ಪಕ್ಕದ ಮನೆಯ ಬ್ಯಾಂಕ್ ಗುಮಾಸ್ತರು.

ತಲೆಹರಟೆ
ಬ್ಯಾಂಕ್ ನೌಕರರ ಸಂಘದಿಂದ ಖಂಡನೆ ಬರುತ್ತದೆ, ಹುಷಾರು.

ಕೊಡಗಿನ ಕಾಫಿ
ಕಾರ್ಯಪ್ಪನವರ ಮನೆಯ ಕಥೆ ಇದಕ್ಕೆ ಹೊಂದುತ್ತದೆ. ಫೀಲ್ಡ್ ಮಾರ್ಷಲರ ಮಗ ನಂದಾ ಕಾರ್ಯಪ್ಪ 1965ರ ಸೆಪ್ಟೆಂಬರ್ 22ರಂದು, ಕದನವಿರಾಮ ಇನ್ನೇನು ಬಂತು ಎನ್ನುವಾಗ, ಹಂಟರ್ ಹಾರಿಸುತ್ತಿದ್ದಾಗ ಹೊಡೆತ ತಿಂದು ಪಾಕಿಸ್ತಾನದಲ್ಲಿ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನನ್ನು ವಿಶೇಷವಾಗಿ ನೋಡಿಕೊಳ್ಳುವ ಮಾತು ಆ ಕಡೆಯಿಂದ ಬಂದಾಗ, ಅಪ್ಪ ಒಪ್ಪಲಿಲ್ಲ. ಎಲ್ಲ ಸೆರೆಯಾಳುಗಳನ್ನೂ ನೋಡಿದಂತೆ ಇವನನ್ನೂ ನೋಡಿ ಎಂದರು ಎಂಬುದು ನಮ್ಮಲ್ಲಿ ಪ್ರತಿ ಮನೆಯಲ್ಲೂ ಹೇಳುವ ಕಥೆ. ಮಗ ಮರಳಿ ಬಂದು ಮುಂದೆ ಏರ್ ಮಾರ್ಷಲ್ ಆದರು.

ದುಬೈ ವಾಸಿ
ಇದನ್ನು ನಾಳೆ ಊಟದ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ. ಈ ಸಲ ಹೆಸರು ಸುಲಭವಿದೆ.

ಕಟ್ಟೆಪುರಾಣ
ಇವತ್ತು ಸ್ಟಾಫ್ ರೂಮಿನಲ್ಲಿ ದೇವಯ್ಯ ಮತ್ತು ಸಿಸಿಲ್ ಇಬ್ಬರ ಕಥೆಯನ್ನೂ ಒಟ್ಟಿಗೆ ಇಟ್ಟೆ. ಸಮಾಜ ವಿಜ್ಞಾನದ ಮೇಷ್ಟರು ಒಪ್ಪಿದರು. ಕನ್ನಡ ಪಂಡಿತರು ಒಪ್ಪಿಯೂ ಒಪ್ಪದಂತೆ ತಲೆಯಾಡಿಸಿದರು. ಹೆಡ್ಮಾಸ್ಟರು ಮಾತ್ರ ಹತ್ತು ನಿಮಿಷ ಎಂದರೆ ಹತ್ತೇ ನಿಮಿಷ ಎಂದರು. ನನಗೆ ಈಗಿನ ಚಿಂತೆ, ಪ್ರತ್ಯೇಕ ಮತದಾನದ ವಿಷಯವನ್ನು ಹದಿಮೂರು ವರ್ಷದವರಿಗೆ ಹೇಗೆ ಹೇಳುವುದು?

ಗಣಿತದ ಟೀಚರ್
ತರಗತಿ ನಾಯಕನ ಚುನಾವಣೆ ಮಾಡಿಸಿ. ಕಿಟಕಿ ಪಕ್ಕ ಕೂತವರು ಕಿಟಕಿ ಪಕ್ಕದವರಿಗೆ ಮಾತ್ರ ಮತ ಹಾಕಬೇಕು ಎನ್ನಿ. ಎರಡು ನಿಮಿಷದಲ್ಲಿ ಗಲಾಟೆ ಶುರುವಾಗುತ್ತದೆ, ಪಾಠ ಮುಗಿಯುತ್ತದೆ.

ನೊಂದ ಹಳೆಯ ವಿದ್ಯಾರ್ಥಿ
ಗಲಾಟೆ ಮಾಡಿದವರನ್ನು ಜಲ್ಲಿಕಲ್ಲಿನ ಮೇಲೆ ಮಾತ್ರ ಕೂರಿಸಬೇಡಿ.

ಮೆಜೆಸ್ಟಿಕ್ ಮಂಜ
ಮಧ್ಯೆ ಒಂದು ಪ್ರಶ್ನೆ. ಕೀಲರ್ ಸೋದರರ ನ್ಯಾಟ್ ವಿಮಾನ ನಮ್ಮ ಎಚ್.ಎ.ಎಲ್.ನಲ್ಲಿ ತಯಾರಾದದ್ದೇ?

ಜಾಲಹಳ್ಳಿ ಅಂಕಲ್
ವಿನ್ಯಾಸ ಇಂಗ್ಲೆಂಡಿನದು, ಮೊದಲ ಕೆಲವು ಅಲ್ಲಿಂದಲೇ ಬಂದವು. ಆಮೇಲೆ ಪರವಾನಗಿ ಪಡೆದು ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿತು. ಗಾತ್ರ ಎಷ್ಟು ಚಿಕ್ಕದೆಂದರೆ ಸೇಬರ್ ಪೈಲಟ್‌ಗೆ ಅದು ಕಣ್ಣಿಗೆ ಬೀಳುವುದೇ ತಡವಾಗುತ್ತಿತ್ತು. ಒಂದು ನ್ಯಾಟ್ ಸೆಪ್ಟೆಂಬರ್ 3ರಂದು ಪಾಕಿಸ್ತಾನದ ಪಸ್ರೂರ್‌ನಲ್ಲಿ ಇಳಿಯಿತು, ಈಗ ಕರಾಚಿಯ ವಾಯುಪಡೆ ಸಂಗ್ರಹಾಲಯದಲ್ಲಿದೆ.

ಮೆಜೆಸ್ಟಿಕ್ ಮಂಜ
ಆಗಿನ ಕಾಲಕ್ಕೆ ನಮ್ಮದೇ ವಿನ್ಯಾಸದ ಯುದ್ಧವಿಮಾನ ಎಂದರೆ ಮಾರುತ್ ಒಂದೇ ಹಾಗಾದರೆ?

ವಿಮಾನಹುಚ್ಚ
ಅದಕ್ಕೂ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಎಂಜಿನಿಯರ್ ಬೇಕಾಯಿತು. 1961ರಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿತು. ತಕ್ಕ ಎಂಜಿನ್ ಸಿಕ್ಕಿದ್ದರೆ ಮಾರುತ್‌ನ ಕಥೆಯೇ ಬೇರೆ ಆಗುತ್ತಿತ್ತು.

ಜಾಲಹಳ್ಳಿ ಅಂಕಲ್
ಎಂಜಿನ್ ಮೇಲೆ ಎಲ್ಲ ತಪ್ಪು ಹೊರಿಸಬೇಡಿ. ಮಾರುತ್ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನಿಮ್ಮನ್ನು ವಿಚಾರಿಸಿಕೊಳ್ಳುತ್ತೇನೆ.